ಆಟಕ್ಕೆ ಯಾವ ಭಾಷೆ ಅಂತ ಕೇಳಿದೆಯಲ್ಲ ಮಾರಾಯ

ಮೊನ್ನೆ ಬೆಂಗಳೂರಿನಿಂದ ಫೋನ್ ಮಾಡಿದಾಗ ನೀನು ಕೇಳಿದೆ: "ಸಂಜೆ ಮಕ್ಕಳಿಗೆ ಪುಕ್ಕಟೆ ಆಟ ಹೇಳಿಕೊಡ್ತಾರೆ. ಅದರಲ್ಲೂ ನಿಮಗೆ ಕನ್ನಡದ ಗೋಳಾ? ಕಬಡ್ಡಿಗೆ ಯಾವ ಭಾಷೆ?" ಆಗ ಅಂಗಡಿ ತುಂಬ ಜನ ಇದ್ದರು, ಉತ್ತರ ಕೊಡಲು ಆಗಲಿಲ್ಲ. ಈಗ ಬರೆಯುತ್ತೇನೆ, ಪೂರ್ತಿ ಓದು.

ಕುಂಬಳೆ ಅಂದರೆ ನಿನಗೆ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದವರ ಹೆಸರು. ನನಗೆ ಅದು ಕೇರಳದ ಕಾಸರಗೋಡಿನಲ್ಲಿ ದಿನಾ ಬಸ್ಸು ಇಳಿಯುವ ಊರು. ಇಲ್ಲಿ ಕ್ರಿಕೆಟ್ಟೂ ಉಂಟು, ಆದರೆ ಮಕ್ಕಳ ಮೈಗೆ ಹಿಡಿದಿರುವುದು ಕಬಡ್ಡಿ. ನಮ್ಮದು ಎಲ್ಪಿ ಶಾಲೆ. ಕೇರಳದಲ್ಲಿ ಹಾಗೆಂದರೆ 1ರಿಂದ 4ನೇ ತರಗತಿ. ಇಂಥ ಸಣ್ಣ ಶಾಲೆಗೆ ಆಟದ ಮಾಷ್ಟ್ರು ಅಂತ ಬೇರೆ ಇರುವುದಿಲ್ಲ. ಅದಕ್ಕೇ ನಾಲ್ಕು ಗಂಟೆಯ ಬೆಲ್ ಹೊಡೆದ ಮೇಲಿನ ಆ ಒಂದು ಗಂಟೆಗೆ ಇಷ್ಟು ಬೆಲೆ. ಫೀಸಿಲ್ಲ. ಚೆಂಡು, ಗೆರೆ ಹಾಕುವ ಸುಣ್ಣದ ಪುಡಿ ಹಳೆ ವಿದ್ಯಾರ್ಥಿಗಳ ಲೆಕ್ಕದಲ್ಲಿ. ಮಳೆಗಾಲದಲ್ಲಿ ಜಗಲಿಯಲ್ಲೇ ಆಟ. ಬೀಡಿ ಕಟ್ಟುವ ಅಮ್ಮನ ಮಗಳೂ ಬರುತ್ತಾಳೆ, ಗಲ್ಫಿನಲ್ಲಿರುವವರ ಮಗನೂ ಬರುತ್ತಾನೆ. ಇದೆಲ್ಲ ನಿನ್ನ ಕಡೆಯೂ ಹೀಗೇ ಇರಬಹುದು, ಬಿಡು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ರೈಡ್‌ಗೆ ಹೋದವನಿಗೆ ಒಂದೇ ಪದ ಸಾಕು, ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅಂದರೆ ಆಯಿತು. ಆದರೆ ಈ ಕಡೆ ಕಾಯುತ್ತಿರುವ ಏಳು ಮಂದಿಗೆ ಮಾತು ಬೇಕು. ಹಿಡಿ, ಬಿಡು, ಹಿಂದೆ ಸರಿ, ಎಡಕ್ಕೆ ಹೋಗು. ಅರೆ ಕ್ಷಣದಲ್ಲಿ ಅರ್ಥ ಆಗಬೇಕು. ಯೋಚಿಸಿದರೆ ರೈಡರ್ ಗೆರೆ ದಾಟಿ ಹೋಗಿಯಾಯಿತು.

ನಮಗೆ ಸಿಗುವ ತರಬೇತುದಾರರು ಹೆಚ್ಚಾಗಿ ಕೇರಳದ ತೆಂಕು ಕಡೆಯವರು. ಒಂದು ವರ್ಷದ ಮಟ್ಟಿಗೆ ಬರುತ್ತಾರೆ. ಅವರು ಮಲಯಾಳದಲ್ಲಿ "ಪಿಡಿ" ಅನ್ನುತ್ತಾರೆ. ಕನ್ನಡ ಮಾಧ್ಯಮದ ಡಿವಿಜನ್ನಿನ ಮಗುವಿಗೆ ಗೊತ್ತಿರುವುದು "ಹಿಡಿ". ಅದೇ ಮಗುವಿನ ಮನೆಯಲ್ಲಿ ತುಳು, ಅಲ್ಲಿ "ಪತ್ತ್". ಇನ್ನು ತುಳು, ಮಲಯಾಳ ಎರಡರಲ್ಲೂ ಪತ್ತ್ ಅಂದರೆ ಹತ್ತು! ಪಕ್ಕದಲ್ಲಿ ನಿಂತವಳ ಮನೆಯಲ್ಲಿ ಮರಾಠಿ, ಆಚೆಯವನದ್ದು ಬ್ಯಾರಿ. ಎಂಟು ವರ್ಷದ ತಲೆ ಎಷ್ಟು ಅಂತ ತಿರುಗಬೇಕು ಹೇಳು.

ನಾನು ಸಂಜೆ ಅಂಗಡಿಯನ್ನು ತಮ್ಮನ ಕೈಗೆ ಬಿಟ್ಟು ಮೈದಾನಕ್ಕೆ ಹೋಗುವುದು ಇದಕ್ಕೇ. ಗೆರೆಯ ಪಕ್ಕ ನಿಂತು ಅವರ ಮಾತನ್ನು ಇವರ ಮಾತಿಗೆ ತಿರುಗಿಸುತ್ತೇನೆ. ಒಮ್ಮೆ ಹೊಸ ಹುಡುಗನಿಗೆ ಕನ್ನಡದಲ್ಲಿ "ಬಲ, ಬಲ!" ಅಂತ ಕೂಗಿದೆ. ಅವನು ಆಟ ಬಿಟ್ಟು ನೇರ ನನ್ನ ಹತ್ತಿರ ಓಡಿ ಬಂದ. ತುಳುವಿನಲ್ಲಿ ಬಲ ಅಂದರೆ ಬಾ. ಅವನ ತಪ್ಪೇನೂ ಇಲ್ಲ, ಅಮ್ಮ ಕರೆದ ಹಾಗೆ ಕೇಳಿಸಿತು, ಬಂದ. ಅವತ್ತಿನಿಂದ ನಾನು ಕೈ ತೋರಿಸದೆ ಬಲ ಅನ್ನುವುದಿಲ್ಲ.

ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಹಿಂದಿನ ವರ್ಷ ಒಂದು ಹುಡುಗಿಯ ಹೆಸರಿನ ಮುಂದೆ "ಗಮನ ಕೊಡುವುದಿಲ್ಲ" ಅಂತ ಬರೆದಿತ್ತು. ತಂಡದಲ್ಲೇ ಚುರುಕಾದ ಕಾಲು ಅವಳದ್ದು. ಅವಳು ಗಮನ ಕೊಟ್ಟಿದ್ದಳು, ಹೇಳಿದ್ದು ತಿಳಿದಿರಲಿಲ್ಲ ಅಷ್ಟೇ. ಮನೆಗೆ ಕಳುಹಿಸಿದ ಒಪ್ಪಿಗೆ ಚೀಟಿಯೂ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಅವಳ ಅಮ್ಮ ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. "ಇದು ಎಂತದ್ದು ಅಣ್ಣ, ದುಡ್ಡು ಕೇಳ್ತಾರಾ?" ಅಂದರು. ಪುಕ್ಕಟೆ ಅನ್ನುವ ಸುದ್ದಿಯೇ ಅವರಿಗೆ ಮುಟ್ಟಿರಲಿಲ್ಲ.

ನೀನು ಹೇಳುವುದು ಗೊತ್ತು: ಮಲಯಾಳ ಕಲಿಯಿರಿ. ಕಲಿಯುತ್ತೇವಪ್ಪ. ನಮ್ಮ ಮಕ್ಕಳು ಹತ್ತಾಗುವಾಗ ಮೂರು ನಾಲ್ಕು ಭಾಷೆ ಆಡುತ್ತಾರೆ, ನಿನ್ನ ಲೇಔಟಿನಲ್ಲಿ ಎಷ್ಟು ಮಕ್ಕಳು ಆಡುತ್ತಾರೆ? ಮಲಯಾಳದ ಮೇಲೆ ನನಗೆ ಸಿಟ್ಟೂ ಇಲ್ಲ. ವಾ ಅಂದರೆ ಬಾ, ವಿಡ್ ಅಂದರೆ ಬಿಡು, ವಲತ್ತ್ ಅಂದರೆ ಬಲ. ಅಕ್ಕತಂಗಿಯರ ಮಾತು. ನಾನೇ ಮಕ್ಕಳಿಗೆ ಹೀಗೆ ಜೋಡಿ ಮಾಡಿ ಹೇಳಿಕೊಡುತ್ತೇನೆ. ಆದರೆ ಎಂಟು ವರ್ಷದ ಮಗು ಮೊದಲು ಆಡಬೇಕು, ಆಮೇಲೆ ಭಾಷೆ ತಾನಾಗಿ ಬರುತ್ತದೆ. ಭಾಷೆ ಬಂದ ಮೇಲೆ ಆಡು ಅಂದರೆ ಆ ಮಗು ಮೈದಾನದ ಅಂಚಿನಲ್ಲೇ ಕೂತಿರುತ್ತದೆ.

1956ರಲ್ಲಿ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಹೋಯಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕು ಅನ್ನುತ್ತದೆ ಅದು. ನಾಲ್ಕು ಗಂಟೆಯವರೆಗೆ ಅದು ನಮ್ಮ ಶಾಲೆಯಲ್ಲಿ ಉಂಟು. ನಾಲ್ಕರ ನಂತರ ಮೈದಾನದಲ್ಲಿ ನಡೆಯುವುದೂ ಕಲಿಕೆಯೇ ಅಲ್ವಾ? ಇದನ್ನು ಪ್ರತಿ ಪಿಟಿಎ ಮೀಟಿಂಗಿನಲ್ಲಿ ಕೇಳುತ್ತೇನೆ. ತಲೆ ಆಡಿಸುತ್ತಾರೆ, ಬರೆದುಕೊಳ್ಳುತ್ತಾರೆ. ಮುಂದಿನ ಚೀಟಿ ಮತ್ತೆ ಮಲಯಾಳದಲ್ಲೇ ಬರುತ್ತದೆ. ಗಡಿಯ ತಲಪಾಡಿ ದಾಟಿ ಕರ್ನಾಟಕದ ಕಡೆ ಪಂದ್ಯಾಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ಮೈಕಿನಲ್ಲಿ "ಕೇರಳದ ತಂಡ" ಅನ್ನುತ್ತಾರೆ. ಅಚ್ಚ ಕನ್ನಡದಲ್ಲಿ ಮಾತಾಡುವ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಕಳೆದ ವರ್ಷ ಬಂದಿದ್ದವರು ಒಳ್ಳೆಯ ಮನುಷ್ಯ. ಫೆಬ್ರವರಿ ಹೊತ್ತಿಗೆ "ಹಿಡಿ ಮಕ್ಕಳೇ, ಬಿಡಬೇಡಿ" ಅಂತ ಕೂಗುವಷ್ಟು ಕನ್ನಡ ಕಲಿತಿದ್ದರು. ಆ ಹುಡುಗಿಯ ಹೆಸರಿನ ಮುಂದಿದ್ದ ಮಾತನ್ನು ಅವರೇ ಹೊಡೆದುಹಾಕಿದರು. ಮಾರ್ಚ್‌ನಲ್ಲಿ ಶಾಲೆ ಮುಗಿಯಿತು, ಅವರ ಅವಧಿಯೂ ಮುಗಿಯಿತು. ಜೂನ್‌ಗೆ ಹೊಸಬರು ಬರುತ್ತಾರೆ. ನಾನು ಮತ್ತೆ ಎಡ, ಬಲದಿಂದ ಶುರು ಮಾಡಬೇಕು.