‘ಏನೂ ಆಗೋಕೆ ಬಿಡಲ್ಲ’ ಎಂಬ ಮಾತಿನ ಭಾರ

ನನ್ನ ಆಪ್ತಸಲಹಾ ಕೋಣೆಗೆ ಬರುವ ತಂದೆತಾಯಿಯರಲ್ಲಿ ಒಂದು ಬಗೆಯವರು ಮತ್ತೆ ಮತ್ತೆ ಎದುರಾಗುತ್ತಾರೆ. ಮಗುವಿಗೆ ಆಸ್ತಮಾ ಇರುತ್ತದೆ, ಮೂರ್ಛೆರೋಗ ಇರುತ್ತದೆ, ಇಲ್ಲವೇ ಎಳವೆಯಲ್ಲೇ ಹೃದಯದ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಒಂದು ಸಲ ಸಾವು ಮನೆಯ ಹೊಸಿಲವರೆಗೆ ಬಂದು ಹಿಂದಿರುಗಿರುತ್ತದೆ. ಅಂಥ ಮನೆಗಳಲ್ಲಿ ಮಗುವನ್ನು ಕಾಯುವುದೇ ತಂದೆಯ ಅಥವಾ ತಾಯಿಯ ಬದುಕಾಗಿಬಿಡುತ್ತದೆ. ‘ಇಷ್ಟೊಂದು ಹೆದರಬೇಡಿ, ಮಗುವನ್ನು ಅದರ ಪಾಡಿಗೆ ಬಿಡಿ’ ಎಂದು ನೆಂಟರು ಹೇಳುತ್ತಾರೆ, ಶಿಕ್ಷಕರು ಹೇಳುತ್ತಾರೆ, ನನ್ನ ವೃತ್ತಿಯವರೂ ಹೇಳುತ್ತೇವೆ. ಆ ಮಾತು ಎಷ್ಟು ಅಗ್ಗದ್ದು ಎಂದು ನನಗೆ ತಿಳಿದದ್ದು ಈ ಪ್ರಕರಣದಲ್ಲಿ. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗನಿಗೆ ಹನ್ನೊಂದು ವರ್ಷ. ಆರನೆಯ ವಯಸ್ಸಿನಲ್ಲಿ ಅವನಿಗೆ ಟೈಪ್ 1 ಮಧುಮೇಹ ಇರುವುದು ಗೊತ್ತಾಗಿತ್ತು. ಇದು ಸಿಹಿ ತಿಂದು ಬರುವ ಕಾಯಿಲೆಯಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡುವುದರಿಂದ ಬರುವಂಥದ್ದು. ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳದೆ ಈ ಮಕ್ಕಳು ಬದುಕಲಾರರು, ಚುಚ್ಚಿದ್ದು ಹೆಚ್ಚಾದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ತಂದೆ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವವರು. ಐದು ವರ್ಷಗಳಿಂದ ಅವರು ಪ್ರತಿ ಮಧ್ಯಾಹ್ನ ಕೆಲಸದ ನಡುವೆ ಎದ್ದು, ತಣ್ಣನೆಯ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟುಕೊಂಡು ಶಾಲೆಗೆ ಹೋಗಿ ಮಗನಿಗೆ ಚುಚ್ಚುತ್ತಿದ್ದರು. ರಾತ್ರಿ ಎರಡಕ್ಕೆ ಅಲಾರಾಂ ಇಟ್ಟುಕೊಂಡು ಎದ್ದು, ಮಲಗಿರುವ ಮಗನ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದರು. ಹುಡುಗ ಓರಗೆಯವರ ಜೊತೆ ಕೆರೆಯ ಕಡೆ ಹೋಗಿರಲಿಲ್ಲ, ಯಾರ ಮನೆಯಲ್ಲೂ ಒಂದು ರಾತ್ರಿ ಉಳಿದಿರಲಿಲ್ಲ.

ಅವರನ್ನು ನನ್ನ ಬಳಿಗೆ ಕಳಿಸಿದ್ದು ಮಗುವಿನ ವೈದ್ಯರು. ಆ ವರ್ಷದಿಂದ ಸಕ್ಕರೆಯ ಅಂಕಿಗಳನ್ನು ಹುಡುಗನೇ ಪುಸ್ತಕದಲ್ಲಿ ಬರೆಯತೊಡಗಿದ್ದ. ಹಿಂದಿನ ಪುಟಗಳಲ್ಲಿ ತಂದೆಯ ಅವಸರದ ಅಕ್ಷರ, ಒಮ್ಮೆ ಕೆಂಪು ಶಾಯಿ, ಒಮ್ಮೆ ಪೆನ್ಸಿಲ್, 260ರ ಪಕ್ಕದಲ್ಲಿ 71. ಆಮೇಲಿನ ಪುಟಗಳಲ್ಲಿ ದುಂಡಗಿನ ಅಕ್ಷರ, ಒಂದೇ ನೀಲಿ ಪೆನ್ನು: 112, 118, 115, 109. ಮೂರು ತಿಂಗಳ ಸರಾಸರಿ ತಿಳಿಸುವ ರಕ್ತಪರೀಕ್ಷೆ ಮಾತ್ರ ಬೇರೆಯದೇ ಕಥೆ ಹೇಳಿತು. ಸಕ್ಕರೆ ಅಳೆಯುವ ಯಂತ್ರದ ನೆನಪಿನಲ್ಲಿ ಉಳಿದಿದ್ದ ಅಂಕಿಗಳನ್ನು ವೈದ್ಯರು ತೆಗೆದು ನೋಡಿದಾಗ, ಪುಸ್ತಕದಲ್ಲಿದ್ದದ್ದು ಬಹುಪಾಲು ಹುಡುಗ ಕಟ್ಟಿ ಬರೆದದ್ದು ಎಂದು ಗೊತ್ತಾಯಿತು. ತಂದೆ ಕುಸಿದುಹೋಗಿದ್ದರು. ಮಗ ಸುಳ್ಳುಗಾರನಾದನಲ್ಲ ಎಂಬುದಷ್ಟೇ ಅವರ ಬಾಯಲ್ಲಿತ್ತು.

ಮೊದಲ ಭೇಟಿಯಲ್ಲಿ ಹುಡುಗ ಮಾತಾಡಲಿಲ್ಲ. ಎರಡನೆಯದರಲ್ಲಿ ಇಷ್ಟವಾದ ಸಿನಿಮಾ ಯಾವುದೆಂದು ಕೇಳಿದೆ. ಮಕ್ಕಳ ಜೊತೆ ನಾನು ಸಾಮಾನ್ಯವಾಗಿ ಮಾತು ಶುರುಮಾಡುವುದೇ ಹಾಗೆ. ‘ಫೈಂಡಿಂಗ್ ನೀಮೋ’ ಎಂದ. 2003ರಲ್ಲಿ ಪಿಕ್ಸಾರ್ ಸಂಸ್ಥೆ ತಂದ, ಮರುವರ್ಷ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪಡೆದ ಆ ಚಿತ್ರವನ್ನು ಓದುಗರಲ್ಲಿ ಬಹಳ ಮಂದಿ ಮಕ್ಕಳ ಜೊತೆ ಕೂತು ನೋಡಿರಬಹುದು. ಕಳೆದುಹೋದ ಮರಿಮೀನನ್ನು ಹುಡುಕಿಕೊಂಡು ಅಪ್ಪ ಮೀನು ಕಡಲು ದಾಟುವ ಕಥೆ ಎಂದು ಅದನ್ನು ಒಂದು ಸಾಲಿನಲ್ಲಿ ಹೇಳುವುದುಂಟು. ಅದು ಹೇಗೆ ಶುರುವಾಗುತ್ತದೆ ಎಂಬುದನ್ನು ನಾವು ಮರೆತಿರುತ್ತೇವೆ. ಮೊದಲ ಕೆಲವೇ ನಿಮಿಷಗಳಲ್ಲಿ ಬ್ಯಾರಕುಡಾ ಎಂಬ ಹಿಂಸ್ರ ಮೀನು ಅಪ್ಪ ಮೀನಾದ ಮಾರ್ಲಿನ್‌ನ ಹೆಂಡತಿಯನ್ನೂ ನಾನೂರಕ್ಕೂ ಹೆಚ್ಚು ಮೊಟ್ಟೆಗಳನ್ನೂ ಮುಗಿಸಿಬಿಡುತ್ತದೆ. ಏಟು ತಿಂದು ಪ್ರಜ್ಞೆ ತಪ್ಪಿದ್ದ ಮಾರ್ಲಿನ್‌ಗೆ ಎಚ್ಚರವಾದಾಗ ಉಳಿದಿರುವುದು ಬಿರುಕು ಬಿಟ್ಟ ಒಂದೇ ಒಂದು ಮೊಟ್ಟೆ. ಅದನ್ನು ರೆಕ್ಕೆಯಲ್ಲಿ ಎತ್ತಿಕೊಂಡು, ನಿನಗೆ ಏನೂ ಆಗಲು ಬಿಡುವುದಿಲ್ಲ ಎಂದು ಅವನು ಮಾತು ಕೊಡುತ್ತಾನೆ. ಆ ಮೊಟ್ಟೆಯಿಂದ ಬಂದ ನೀಮೋವಿನ ಒಂದು ಈಜುರೆಕ್ಕೆ ಚಿಕ್ಕದು. ಶಾಲೆಯ ಮೊದಲ ದಿನ ಮನೆಯಿಂದ ಹೊರಡುವಾಗ ಅಪ್ಪ ಹೊರಗೆ ಬರುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ, ಮತ್ತೆ ಹೋಗುತ್ತಾನೆ. ಚಿತ್ರಮಂದಿರದಲ್ಲಿ ಮಕ್ಕಳು ನಗುವ ದೃಶ್ಯ ಅದು. ಮಗುವನ್ನು ತೀವ್ರ ನಿಗಾ ಘಟಕದಲ್ಲಿ ಕಂಡು ಬಂದ ತಂದೆತಾಯಿಯರಿಗೆ ಅಲ್ಲಿ ನಗು ಬರುವುದಿಲ್ಲ.

ಈ ಚಿತ್ರವನ್ನು ಅತಿ ಕಾಳಜಿಯ ಅಪ್ಪನಿಗೆ ಕಲಿಸಿದ ಪಾಠ ಎಂದು ಓದುವವರ ಜೊತೆ ನನ್ನ ತಕರಾರಿದೆ. ಮಾರ್ಲಿನ್ ಹೆದರುವುದು ಇಲ್ಲದ ಅಪಾಯಕ್ಕಲ್ಲ. ಅವನ ಕಡಲಿನಲ್ಲಿ ಹಿಂಸ್ರ ಮೀನುಗಳು ನಿಜವಾಗಿಯೂ ಇವೆ, ಬಲೆ ಹಿಡಿದವರೂ ಇದ್ದಾರೆ. ಎಲ್ಲರೆದುರು ಅಪ್ಪ ಗದರಿದಾಗ ಹಟಕ್ಕೆ ಬಿದ್ದು ದೋಣಿಯನ್ನು ಮುಟ್ಟಲು ಹೋಗುವ ನೀಮೋ ನಿಜವಾಗಿಯೂ ಸಿಕ್ಕಿಬೀಳುತ್ತಾನೆ. ಅಪ್ಪನ ಭಯ ಸುಳ್ಳು ಎಂದು ಚಿತ್ರ ಎಲ್ಲೂ ಹೇಳುವುದಿಲ್ಲ. ಪಕ್ಕದಲ್ಲಿದ್ದೂ ಉಳಿಸಿಕೊಳ್ಳಲಾಗದವನು, ತಾನು ಪ್ರಜ್ಞೆ ತಪ್ಪಿ ಬಿದ್ದಿದ್ದ ಆ ಕ್ಷಣಗಳ ಸಾಲವನ್ನು ದಿನದಿನವೂ ಎಚ್ಚರವಿದ್ದು ತೀರಿಸುತ್ತಿದ್ದಾನೆ ಎಂಬುದೇ ನನ್ನ ಓದು. ಆ ಸಾಲ ತೀರುವಂಥದ್ದಲ್ಲ, ಮತ್ತು ಅದರ ಕಂತು ಕಟ್ಟುವುದು ಮಗು.

ಇಷ್ಟು ತಿಳಿದಿದ್ದೂ ಮೂರನೆಯ ಭೇಟಿಯಲ್ಲಿ ನಾನು ಆತುರಪಟ್ಟೆ. ತಂದೆ, ತಾಯಿ, ಮಗ ಮೂವರೂ ಇದ್ದರು. ಶಾಲೆಯಿಂದ ಬೇಲೂರು ಹಳೇಬೀಡಿಗೆ ಎರಡು ದಿನದ ಪ್ರವಾಸ ಹೊರಟಿತ್ತು. ಹುಡುಗನಿಗೆ ಹೋಗುವ ಆಸೆ, ತಂದೆಯದು ಖಡಾಖಂಡಿತ ನಿರಾಕರಣೆ. ತಿಮಿಂಗಿಲದ ಬಾಯೊಳಗಿನ ದೃಶ್ಯವನ್ನು ನಾನು ಅವರಿಗೆ ನೆನಪಿಸಿದೆ. ಮಗನಿಗೆ ಏನೂ ಆಗಲು ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೆ ಎಂದು ಮಾರ್ಲಿನ್ ಅಳುತ್ತಾನೆ. ಏನೂ ಆಗಲು ಬಿಡದಿದ್ದರೆ ಅವನ ಪಾಲಿಗೆ ಏನೂ ನಡೆಯುವುದೇ ಇಲ್ಲವಲ್ಲ ಎಂದು ಡೋರಿ, ಹುಡುಕಾಟದಲ್ಲಿ ಅವನಿಗೆ ಜೊತೆಯಾದ ಆ ಮರೆವಿನ ಮೀನು, ಮುಗ್ಧವಾಗಿ ಕೇಳುತ್ತಾಳೆ. ನಾನು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ತಂದೆ ಕೆಂಪಾಗಿದ್ದರು.

“ಮೇಡಂ, ಅದು ಸಿನಿಮಾ. ಆ ಮೀನನ್ನ ಉಳಿಸ್ಬೇಕು ಅಂತ ಬರೆದವರು ಮೊದಲೇ ತೀರ್ಮಾನ ಮಾಡಿರ್ತಾರೆ. ನನ್ನ ಮಗನ ವಿಷಯದಲ್ಲಿ ಹಾಗೆ ತೀರ್ಮಾನ ಮಾಡಿದವರು ಯಾರಿದ್ದಾರೆ ಹೇಳಿ.”

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು, ನಾನು ಚಿತ್ರವನ್ನು ಅವರ ಮೇಲೆ ಬೀಸಿದ್ದೆ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗ ಮೇಜಿನ ಅಂಚಿನಲ್ಲಿ ಎದ್ದಿದ್ದ ಸನ್‌ಮೈಕಾವನ್ನು ಉಗುರಿನಿಂದ ಒತ್ತುತ್ತ ಕೂತಿದ್ದ. ಆಮೇಲೆ ತಲೆ ಎತ್ತದೆಯೇ ಹೇಳಿದ:

“ಆ ಮೀನಿನಪ್ಪಂಗೆ ಮರೆವಿನ ಮೀನಾದ್ರೂ ಜೊತೆಗೆ ಸಿಕ್ತು. ನಮ್ಮಪ್ಪಂಗೆ ಯಾರೂ ಇಲ್ಲ.”

ಅಲ್ಲಿಯವರೆಗೆ ನಾನು ಈ ಮನೆಯ ಕಥೆಯನ್ನು ಬಿಗಿ ಹಿಡಿದ ಅಪ್ಪ, ಉಸಿರುಗಟ್ಟಿದ ಮಗ ಎಂದು ಓದಿಕೊಂಡಿದ್ದೆ. ಹುಡುಗ ಅದನ್ನು ಬೇರೆ ಕಡೆಯಿಂದ ನೋಡಿದ್ದ. ಅವನು ಸುಳ್ಳು ಅಂಕಿ ಬರೆದದ್ದು ಬೈಗುಳಕ್ಕೆ ಹೆದರಿಯಲ್ಲ. 280 ಎಂದು ಬರೆದ ದಿನ ಅಪ್ಪ ಊಟ ಬಿಡುತ್ತಿದ್ದರು ಎಂದು ಆಮೇಲೆ ನಾನು ಕೇಳಿದಾಗ ಹೇಳಿದ. 112 ಎಂಬುದು ಅವನು ಅಪ್ಪನಿಗೆ ಬಡಿಸುತ್ತಿದ್ದ ಊಟವಾಗಿತ್ತು.

ಅಷ್ಟರಲ್ಲಿ ತಾಯಿ, ಅಲ್ಲಿಯವರೆಗೆ ಮೂರು ಭೇಟಿಗಳಲ್ಲಿ ಹತ್ತು ಮಾತೂ ಆಡದಿದ್ದವರು, “ನಾನಿದ್ದೆ. ಐದು ವರ್ಷದಲ್ಲಿ ಒಂದು ದಿನವೂ ಸೂಜಿ ನನ್ನ ಕೈಗೆ ಕೊಡಲಿಲ್ಲ ಇವರು” ಎಂದರು. ತಂದೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಕಾಯಿಲೆ ಗೊತ್ತಾಗುವ ಮುಂಚಿನ ಬೇಸಿಗೆಯಲ್ಲಿ ಹುಡುಗ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ, ಇಳಿದುಹೋಗಿದ್ದ. “ಇವಳು ಸೆಕೆಗೆ ಇರಬೇಕು ಅಂದಳು. ನಾನೂ ಹೌದು ಅಂದೆ ಮೇಡಂ. ನಾನೂ ಹೌದು ಅಂದೆ.” ಹತ್ತು ದಿನ ಕಳೆದು, ರಕ್ತದಲ್ಲಿ ಆಮ್ಲ ಏರಿ, ಮಗು ಏದುಸಿರು ಬಿಡುತ್ತ ಆಸ್ಪತ್ರೆ ಸೇರಿತ್ತು. ಸೂಜಿಯನ್ನು ಹೆಂಡತಿಯ ಕೈಗೆ ಕೊಡದಿದ್ದದ್ದು ಅವರ ಮೇಲಿನ ಅಪನಂಬಿಕೆಯಿಂದಲ್ಲ, ತನಗೆ ತಾನೇ ವಿಧಿಸಿಕೊಂಡ ಶಿಕ್ಷೆಯಲ್ಲಿ ಪಾಲು ಕೊಡಲು ಮನಸ್ಸಿಲ್ಲದ್ದರಿಂದ ಎಂದು ನನಗೆ ಅನ್ನಿಸಿತು. ತಾಯಿಗೆ ಅದು ಐದು ವರ್ಷ ಅಪನಂಬಿಕೆಯಾಗಿಯೇ ಕಂಡಿತ್ತು.

ತಿಮಿಂಗಿಲದ ಬಾಯೊಳಗಿನ ದೃಶ್ಯದಲ್ಲಿ ನಾನು ತಪ್ಪು ಮಾತನ್ನು ಆರಿಸಿಕೊಂಡಿದ್ದೆ ಎಂದು ಆಗ ಹೊಳೆಯಿತು. ಬೇಕಿದ್ದದ್ದು ಆ ಜಾಣ ಮಾತಲ್ಲ. ಅದರ ನಂತರ ಬರುವ ಒಂದು ಉತ್ತರ. ಹಿಡಿತ ಬಿಡುವ ಹೊತ್ತು ಬಂದಿದೆ ಎಂದು ಡೋರಿ ಹೇಳಿದಾಗ, ಕೆಟ್ಟದ್ದೇನೂ ಆಗುವುದಿಲ್ಲವೆಂದು ನಿನಗೆ ಹೇಗೆ ಗೊತ್ತು ಎಂದು ಮಾರ್ಲಿನ್ ಕೂಗುತ್ತಾನೆ. ಗೊತ್ತಿಲ್ಲ ಎನ್ನುತ್ತಾಳೆ ಅವಳು. ಅಷ್ಟೇ. ಆ ಪ್ರಶ್ನೆಗೆ ಅವಳು ಸುಳ್ಳು ಭರವಸೆ ಕೊಡುವುದಿಲ್ಲ, ಆದರೆ ಅವನು ಹಿಡಿತ ಬಿಟ್ಟಾಗ ಅವನ ಜೊತೆಗೇ ಅವಳೂ ಬೀಳುತ್ತಾಳೆ. ಆ ತಂದೆಗೆ ಐದು ವರ್ಷ ಎಲ್ಲರೂ ‘ಏನೂ ಆಗಲ್ಲ ಬಿಡಿ’ ಎಂದೇ ಹೇಳಿದ್ದರು. ಅದು ಸುಳ್ಳೆಂದು ಅವರಿಗೆ ಗೊತ್ತಿದ್ದುದರಿಂದ, ಹೇಳಿದವರನ್ನೆಲ್ಲ ಅವರು ದೂರವಿಟ್ಟಿದ್ದರು. ಆ ದಿನ ನಾನು ಅವರಿಗೆ, ಮಗನಿಗೆ ಸಕ್ಕರೆ ಇಳಿಯುವ ರಾತ್ರಿಗಳು ಮುಂದೆಯೂ ಬರುತ್ತವೆ, ಅವುಗಳಲ್ಲಿ ಕೆಲವು ನೀವಿಲ್ಲದಾಗ ಬರುತ್ತವೆ ಎಂದೆ. ಅವರು ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು.

ನಾನು ಕೊಟ್ಟ ಸಲಹೆ ಪ್ರವಾಸಕ್ಕೆ ಕಳಿಸಿ ಎಂಬುದಾಗಿರಲಿಲ್ಲ. ಈ ವರ್ಷ ಬೇಡ ಎಂದೇ ಹೇಳಿದೆ. ಹುಡುಗ ನನ್ನ ಮೇಲೆ ಮುನಿಸಿಕೊಂಡ. ಸಹೋದ್ಯೋಗಿಯೊಬ್ಬರು, ಸಿಕ್ಕ ಅವಕಾಶವನ್ನು ಕೈಚೆಲ್ಲಿದಿರಿ ಎಂದರು. ಆದರೂ ಆ ನಿಲುವನ್ನು ನಾನು ಈಗಲೂ ಸಮರ್ಥಿಸಿಕೊಳ್ಳುತ್ತೇನೆ. ಅದೇ ಚಿತ್ರದಲ್ಲಿ ಗಿಲ್ ಎಂಬ ಮೀನಿದ್ದಾನೆ, ದಂತವೈದ್ಯನ ಗಾಜಿನ ತೊಟ್ಟಿಯಲ್ಲಿ ಸೆರೆಯಾದವನು, ಅವನ ರೆಕ್ಕೆಯೂ ಊನವಾದದ್ದು. ನೀರಿನ ಕೊಳವೆಯಲ್ಲಿ ನೀಮೋ ಸಿಕ್ಕಿಕೊಂಡಾಗ ಉಳಿದ ಮೀನುಗಳು ಎಳೆಯಲು ಧಾವಿಸುತ್ತವೆ. ಯಾರೂ ಮುಟ್ಟಬೇಡಿ ಎಂದು ಗಿಲ್ ತಡೆಯುತ್ತಾನೆ, ರೆಕ್ಕೆಯನ್ನೂ ಬಾಲವನ್ನೂ ಹೇಗೆ ಆಡಿಸಬೇಕೆಂದು ದೂರದಿಂದಲೇ ಹೇಳಿಕೊಡುತ್ತಾನೆ, ಮರಿ ತಾನಾಗಿ ಹೊರಬರುತ್ತದೆ. ಮಕ್ಕಳನ್ನು ಗಟ್ಟಿಮಾಡಬೇಕು ಎನ್ನುವವರು ಈ ದೃಶ್ಯವನ್ನು ಮೆಚ್ಚಿ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಅದೇ ಗಿಲ್ ತನ್ನ ಬಿಡುಗಡೆಯ ಹಂಬಲದಲ್ಲಿ, ತೊಟ್ಟಿಯ ಶೋಧಕವನ್ನು ಕೆಡಿಸಲು ನೀಮೋನನ್ನು ಅದರೊಳಗೆ ಕಳಿಸುತ್ತಾನೆ; ಮರಿ ಸಾವಿನ ಬಾಯಿಂದ ಪಾರಾಗುತ್ತದೆ, ಗಿಲ್ ಪಶ್ಚಾತ್ತಾಪದಿಂದ ಕುಗ್ಗಿಹೋಗುತ್ತಾನೆ. ಕೈ ಹಿಂದೆಗೆಯುವ ಮೊದಲು ಕಲಿಸಿರಬೇಕು, ಹಿಂದೆಗೆಯುವುದು ಮಗುವಿನ ಸಲುವಾಗಿರಬೇಕು. ನಮ್ಮ ವಾದ ಗೆಲ್ಲಲು, ನಮ್ಮ ಧೈರ್ಯ ತೋರಿಸಿಕೊಳ್ಳಲು ಮಗುವನ್ನು ಆಳಕ್ಕೆ ದಬ್ಬುವುದನ್ನು ನಾನು ಸ್ವಾತಂತ್ರ್ಯ ಎನ್ನಲಾರೆ.

ಹಾಗಾಗಿ ಸಲಹೆ ಸಣ್ಣದಾಗಿತ್ತು. ಇನ್ಸುಲಿನ್ ಪ್ರಮಾಣದ ಮಾತು ಪೂರ್ತಿಯಾಗಿ ವೈದ್ಯರದು, ಅದರಲ್ಲಿ ನಾನು ತಲೆಹಾಕಲಿಲ್ಲ. ವೈದ್ಯರ ಎದುರಿನಲ್ಲಿ ತಾಯಿ ಚುಚ್ಚಲು ಕಲಿಯಬೇಕು, ಹುಡುಗನೂ ಕಲಿಯಬೇಕು, ಶಾಲೆಯ ದೈಹಿಕ ಶಿಕ್ಷಕರಿಗೆ ಸಕ್ಕರೆ ಇಳಿದ ಲಕ್ಷಣಗಳನ್ನು ತಿಳಿಸಿಕೊಡಬೇಕು: ಬೆವರು, ನಡುಕ, ಕಾರಣವಿಲ್ಲದ ಸಿಟ್ಟು, ತೊದಲು ಮಾತು. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ದೊಡ್ಡವರೊಬ್ಬರನ್ನು ಕರೆಯುವುದು ಕಡ್ಡಾಯ. ಇದನ್ನು ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿಕೊಂಡರು. ತಂದೆಗೆ ನಾನು ವಹಿಸಿದ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ಪುಸ್ತಕದಲ್ಲಿ ಯಾವ ಅಂಕಿಯೇ ಇರಲಿ, ಒಂದು ತಿಂಗಳು ಒಂದೇ ಮಾತು ಹೇಳಬೇಕು: “ಸರಿ, ಈಗ ಏನು ಮಾಡೋಣ?” ಮತ್ತು ಊಟ ಬಿಡಬಾರದು. ರಾತ್ರಿ ಎರಡರ ಅಲಾರಾಂ ವಾರಕ್ಕೆ ಮೂರು ದಿನ ತಾಯಿಯ ಫೋನಿಗೆ ಹೋಯಿತು.

ಮೊದಲ ವಾರ ಪುಸ್ತಕದಲ್ಲಿ 310 ಕಾಣಿಸಿಕೊಂಡಿತು. ಹುಡುಗ ಬರೆದ ಮೊದಲ ನಿಜದ ಅಂಕಿಗಳಲ್ಲಿ ಅದೊಂದು. ತಂದೆ ನನಗೆ ಫೋನ್ ಮಾಡಿ, ಹೇಳಬೇಕಾದ ಮಾತನ್ನು ಹೇಳಿದೆ, ಆದರೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದರು. ತಾಯಿ ಎರಡು ಸಲ ಸೂಜಿ ಹಿಡಿದು ಕೈ ನಡುಗಿ ಕೆಳಗಿಟ್ಟರಂತೆ. ಮೂರನೆಯ ಸಲ ಹುಡುಗನೇ ಅವರ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಜಾಗ ತೋರಿಸಿದನಂತೆ.

ನಾಲ್ಕು ತಿಂಗಳ ಮೇಲೆ, ವೈದ್ಯರು ಒಪ್ಪಿದ ಬಳಿಕ, ಹುಡುಗ ಒಂದು ರಾತ್ರಿ ಸೋದರಮಾವನ ಮನೆಯಲ್ಲಿ ಉಳಿದ. ಮುಂದಿನ ಭೇಟಿಗೆ ತಂದೆ ಒಬ್ಬರೇ ಬಂದರು. ಪುಸ್ತಕ ತಂದಿದ್ದರು. ಬೆರಳಿಟ್ಟು ತೋರಿಸಿದ ಸಾಲಿನಲ್ಲಿ, ಆತುರದಲ್ಲಿ ಬರೆದ ಸೊಟ್ಟ ಅಕ್ಷರಗಳಲ್ಲಿ, ರಾತ್ರಿ 2.40, 54 ಎಂದಿತ್ತು. ಅದರ ಕೆಳಗೆ ‘ಗ್ಲೂಕೋಸ್, ಮಾವನ್ನ ಎಬ್ಬಿಸಿದೆ’. ಅದರ ಕೆಳಗೆ 2.55, 96. ಪುಟದ ಅಂಚಿನಲ್ಲಿ ಗ್ಲೂಕೋಸ್ ಪುಡಿ ಅಂಟಿಕೊಂಡ ಬೆರಳಿನ ಗುರುತಿತ್ತು.

ಮಾವ ಫೋನ್ ಮಾಡಿದ್ದು ಯಾವಾಗ ಎಂದು ಕೇಳಿದೆ.

“ಬೆಳಿಗ್ಗೆ ಏಳಕ್ಕೆ” ಎಂದರು. “ಅಲ್ಲಿವರೆಗೂ ನಾನು ಮಲಗಿದ್ದೆ ಮೇಡಂ.”