ಮಗನಿಗೆ ಎಂಟು ವರ್ಷ, ಇನ್ನೂ ನಾನೇ ಹಲ್ಲುಜ್ಜಬೇಕಾ?

ಪ್ರಶ್ನೆ: ನನ್ನ ಮಗನಿಗೆ ಹುಟ್ಟಿದಾಗಿಂದ ಕಣ್ಣು ಕಾಣಲ್ಲ. ಇವತ್ತಿಗೂ ನಾನೇ ಹಲ್ಲುಜ್ಜೋದು. ಬ್ರಷ್ ಅವನ ಕೈಗೆ ಕೊಟ್ರೆ ಮುಂದಿನ ಹಲ್ಲಷ್ಟೇ ತಿಕ್ಕಿ ಆಯ್ತಮ್ಮ ಅಂತಾನೆ, ಅರ್ಧ ಪೇಸ್ಟ್ ಸಿಂಕಿಗೆ ಬೀಳುತ್ತೆ. ದವಡೆ ಹಲ್ಲಲ್ಲಿ ಹುಳುಕು ಕಾಣ್ತಿದೆ. ಮುಂದಿನ ವರ್ಷ ಹಾಸ್ಟೆಲ್‌ಗೆ ಸೇರಿಸ್ಬೇಕು, ಹೇಗೆ ಕಲಿಸ್ಲಿ?
– ಓದುಗರು, ಹಾವೇರಿ

ಉತ್ತರ: ಮೊದಲು ಹುಳುಕು ತೋರಿಸ್ಕೊಂಡು ಬನ್ನಿ ತಾಯಿ. ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಅಂತ ಬಿಡಬೇಡಿ, ಆರು ವರ್ಷದ ಆಸುಪಾಸಲ್ಲಿ ಹಿಂದುಗಡೆ ಬರೋ ದೊಡ್ಡ ದವಡೆ ಹಲ್ಲು ಶಾಶ್ವತದ್ದು, ಅದು ಹೋದ್ರೆ ಮತ್ತೆ ಬರಲ್ಲ.

ಇನ್ನು ಕಲಿಸೋದು. ಇದಕ್ಕೆ ನಮ್ಮ ಬೆಳಗಾವಿಯ ದಂತವೈದ್ಯರೇ ರೂಪಿಸಿದ ವಿಧಾನ ಇದೆ, ಆಡಿಯೋ ಟ್ಯಾಕ್ಟೈಲ್ ಪರ್ಫಾರ್ಮೆನ್ಸ್, ಚಿಕ್ಕದಾಗಿ ಎಟಿಪಿ. ಮಮತಾ ಹೆಬ್ಬಾಳ್ ಮತ್ತು ಅನಿಲ್ ಅಂಕೋಲಾ 2012ರಲ್ಲಿ ಪ್ರಕಟಿಸಿದ್ದು. ಬಾಯಲ್ಲಿ ಹೇಳೋದು, ಮುಟ್ಟಿಸೋದು, ಆಮೇಲೆ ಅವನ ಕೈಯಿಂದಲೇ ಮಾಡಿಸೋದು, ಅಷ್ಟೇ. ಡೆಂಟಿಸ್ಟ್ ಹತ್ರ ದೊಡ್ಡ ಹಲ್ಲಿನ ಮಾಡೆಲ್ ಇರುತ್ತೆ, ಕೇಳಿ ನೋಡಿ (ತಾತನ ಹಲ್ಲುಸೆಟ್ ಇದ್ರೆ ತೊಳೆದು ಅದನ್ನೇ ಕೊಡಿ, ತಾತ ಬೈದ್ರೆ ನನ್ನ ಹೆಸರು ಹೇಳಿ). ಕೆನ್ನೆ ಕಡೆ, ನಾಲಿಗೆ ಕಡೆ, ಅಗಿಯೋ ಕಡೆ, ಮೂರನ್ನೂ ಬೆರಳಲ್ಲಿ ಸವರಿ ತಿಳ್ಕೊಳ್ಳಲಿ, ಅದರ ಮೇಲೇ ಬ್ರಷ್ ಆಡಿಸ್ಲಿ.

ಆಮೇಲೆ ನಾಲಿಗೆ. ಉಜ್ಜೋಕೆ ಮುಂಚೆ ಹಲ್ಲಿನ ಮೇಲೆಲ್ಲ ನಾಲಿಗೆ ಆಡಿಸಕ್ಕೆ ಹೇಳಿ, ಲೋಳೆ ಲೋಳೆ ಅನ್ಸುತ್ತೆ, ಉಜ್ಜಿದ ಮೇಲೆ ನುಣ್ಣಗಿರುತ್ತೆ, ಎಲ್ಲಿ ಲೋಳೆ ಉಳೀತೋ ಅಲ್ಲಿ ಮತ್ತೆ ಬ್ರಷ್. ಕಣ್ಣಿರೋ ಮಕ್ಕಳಿಗೆ ಕೊಳೆ ತೋರಿಸೋಕೆ ನಾವು ಬಣ್ಣದ ಮಾತ್ರೆ ಅಗಿಸ್ತೀವಿ, ಇವನಿಗೆ ಅದರ ಹಂಗೇ ಬೇಡ. ಎದುರಿಗೆ ನಿಂತು ಕಲಿಸಬೇಡಿ, ಹಿಂದೆ ನಿಂತು ಅವನ ಕೈಮೇಲೆ ಕೈಯಿಟ್ಟು ಉಜ್ಜಿಸಿ, ದಿನಾ ಒಂದೇ ಕಡೆಯಿಂದ ಶುರು ಮಾಡಿ, ಬರ್ತಾ ಬರ್ತಾ ಕೈ ಸಡಿಲ ಬಿಡಿ.

ಪೇಸ್ಟ್ ಬ್ರಷ್‌ಗೆ ಹಾಕೋ ಸರ್ಕಸ್ಸೇ ಬೇಡ, ಬಟಾಣಿ ಕಾಳಷ್ಟು ಫ್ಲೋರೈಡ್ ಪೇಸ್ಟ್ ಬೆರಳಿಗೆ ಹಾಕ್ಕೊಂಡು ಹಲ್ಲಿಗೇ ಸವರ್ಕೊಳ್ಳಲಿ. ಹಾಸ್ಟೆಲ್‌ನಲ್ಲಿ ಬ್ರಷ್ ಅದಲುಬದಲಾಗದ ಹಾಗೆ ಹಿಡಿಗೆ ರಬ್ಬರ್ ಬ್ಯಾಂಡ್ ಸುತ್ತಿ. ವಸಡಲ್ಲಿ ರಕ್ತ ಬಂದ್ರೆ ಅವನಿಗೆ ಕಾಣಲ್ಲ, ಉಗುಳು ಉಪ್ಪುಪ್ಪು ಅನ್ಸಿದ್ರೆ ವಾರ್ಡನ್‌ಗೆ ಹೇಳು ಅಂತ ಕಲಿಸಿ. ಅಲ್ಲೀವರೆಗೆ ರಾತ್ರಿ ಹೊತ್ತು ಕೊನೇಲಿ ಒಂದು ಸಲ ನೀವೇ ಉಜ್ಜಿ.

ಪ್ರಶ್ನೆ: ನಮ್ಮ ಅಂಧ ಮಕ್ಕಳ ಶಾಲೇಲಿ ಡೆಂಟಲ್ ಕ್ಯಾಂಪ್ ಇದೆ, ಭಾಷಣ ಇಟ್ರೆ ಸಾಕಾ ಸರ್?
– ಶಿಕ್ಷಕಿ, ಕಲಬುರಗಿ

ಉತ್ತರ: ಸಾಕಾಗಲ್ಲ ಮೇಡಂ. ಮಾಡೆಲ್ ತರೋಕೆ ಹೇಳಿ, ಒಂದೇ ತಂದು ವೇದಿಕೆ ಮೇಲಿಟ್ರೆ ಪ್ರಯೋಜನ ಇಲ್ಲ, ಪ್ರತಿ ಮಗುವಿನ ಕೈಗೂ ಬರ್ಬೇಕು. ಬ್ರೈಲ್ ಓದೋ ದೊಡ್ಡ ಮಕ್ಕಳಿಗೆ ಬ್ರೈಲ್ ಹಾಳೆ, ಚಿಕ್ಕವರಿಗೆ ರೆಕಾರ್ಡ್ ಮಾಡಿದ ಮಾತು. ಚೆಕಪ್‌ಗೆ ಮುಂಚೆ ಕುರ್ಚಿ, ಬಾಯಿಗೆ ಹಾಕೋ ಪುಟ್ಟ ಕನ್ನಡಿ ಎಲ್ಲ ಮುಟ್ಟಿ ನೋಡ್ಲಿ, ಮೆಷಿನ್ ಇದ್ರೆ ಅದರ ಸದ್ದು ಮೊದಲೇ ಕೇಳಿಸಿ. ಹೇಳದೆ ಕೇಳದೆ ಮಗುವಿನ ಗಲ್ಲ ಹಿಡಿಯೋ ಡಾಕ್ಟರನ್ನ ಮಾತ್ರ ಮುಂದಿನ ವರ್ಷ ಕರೀಬೇಡಿ.