ಆ ಹ್ಯಾಟ್ರಿಕ್ ತೆಗೆದುಹಾಕಿ

ಆತ್ಮೀಯರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಕಾಸರಗೋಡಿನ ಬದಿಯಡ್ಕ ಕಡೆಯ ಹವ್ಯಕ ಮನೆಯ ಹುಡುಗ, ವೇಗದ ಬೌಲರ್. ರಾಜ್ಯ ತಂಡಗಳ ಟಿ20 ಟೂರ್ನಿ ಸಯ್ಯದ್ ಮುಷ್ತಾಕ್ ಅಲಿಗೆ ತಂಡ ಹೊರಡುವ ಹಿಂದಿನ ರಾತ್ರಿ ಅಪ್ಪ ತೀರಿಕೊಳ್ಳುತ್ತಾರೆ. ಅವನು ಟೂರ್ನಿ ಬಿಟ್ಟು ಮನೆಗೆ ಬರುತ್ತಾನೆ. ಇಷ್ಟನ್ನು ಮೂರು ಪುಟದಲ್ಲಿ ಮುಗಿಸಿದ್ದೀರಿ. ಉಳಿದ ಹನ್ನೊಂದು ಪುಟ ಮುಂದಿನ ವರ್ಷದ ಫೈನಲ್, ಜೇಬಿನಲ್ಲಿ ಅಪ್ಪನ ಫೋಟೋ, ಹ್ಯಾಟ್ರಿಕ್.

ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಬರಲಿಲ್ಲ. ಎರಡನೇ ಪುಟದಲ್ಲಿ ನೀವು ಬರೆದಿದ್ದೀರಿ: ‘ಹಗ್ಗದಲ್ಲಿ ಅಪ್ಪನ ಅಂಗಿ ಇತ್ತು. ಮೈಲುತುತ್ತಿನ ಕಲೆ ಹೋಗಿರಲಿಲ್ಲ.’ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಮನೆಯವರಿಗೆ ಆ ನೀಲಿ ಗೊತ್ತು. ನನ್ನ ಅಪ್ಪನ ಅಂಗಿಯಲ್ಲೂ ಇತ್ತು. ಅಲ್ಲಿ ಪುಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮುಂದಿನ ಸಾಲಿಗೇ ‘ದುಃಖ ಸಾಗರದಂತೆ ಉಕ್ಕಿತು’ ಅಂತ ಬಂತು. ಅದು ಬೇಡ. ಅಂಗಿ ಸಾಕು.

ಕೋಚ್ ಫೋನಿನಲ್ಲಿ ಮಾಡುವ ಭಾಷಣವನ್ನೂ ತೆಗೆಯಿರಿ. ಸಚಿನ್, ಸಿರಾಜ್ ಇಬ್ಬರ ಉದಾಹರಣೆ ಕೊಟ್ಟು ‘ಆಡುವುದೇ ಅಪ್ಪನಿಗೆ ಸಲ್ಲಿಸುವ ಗೌರವ’ ಅನ್ನಿಸಿದ್ದೀರಿ. ಸಿರಾಜ್ ತಂದೆ ಹೋಗಿದ್ದು 2020ರ ನವೆಂಬರಿನಲ್ಲಿ, ಅವರು ಆಸ್ಟ್ರೇಲಿಯಾದಲ್ಲಿ ಇದ್ದಾಗ. ಅವರು ತಂಡದ ಜೊತೆಗೇ ಉಳಿದರು, ಬ್ರಿಸ್ಬೇನ್‌ನಲ್ಲಿ 5 ವಿಕೆಟ್ ತೆಗೆದರು. ಜನವರಿಯಲ್ಲಿ ಹೈದರಾಬಾದಿಗೆ ಇಳಿದವರು ವಿಮಾನ ನಿಲ್ದಾಣದಿಂದ ನೇರ ಹೋದದ್ದು ತಂದೆಯ ಸಮಾಧಿಗೆ. ಸಚಿನ್ 1999ರ ವಿಶ್ವಕಪ್ಪಿನ ನಡುವೆ ತಂದೆ ತೀರಿಕೊಂಡಾಗ ಊರಿಗೆ ಬಂದು, ಮರಳಿ ಹೋಗಿ ಕೀನ್ಯಾ ವಿರುದ್ಧ ಔಟಾಗದೆ 140 ಹೊಡೆದರು. ಆ 140 ಎಲ್ಲರಿಗೂ ನೆನಪಿದೆ. ನಡುವೆ ಅವರಿಲ್ಲದ ಜಿಂಬಾಬ್ವೆ ಪಂದ್ಯ ನಡೆಯಿತು, ಭಾರತ 3 ರನ್ನಿಗೆ ಸೋತಿತು. ಆ ಹೊತ್ತಿಗೆ ಮುಂಬೈಯ ಆ ಮನೆಯೊಳಗೆ ಹೇಗಿತ್ತು? ನಿಮ್ಮ ಕಥೆ ಇರುವುದು ಅಂಥ ಜಾಗದಲ್ಲಿ.

ಆಸ್ಟ್ರೇಲಿಯಾದ ಪ್ಯಾಟ್ ಕಮಿನ್ಸ್ ಅವರನ್ನೂ ನೆನಪಿಸಿಕೊಳ್ಳಿ. 2023ರಲ್ಲಿ ಭಾರತ ಪ್ರವಾಸದ ನಡುವೆ, ದೆಹಲಿ ಟೆಸ್ಟ್ ಮುಗಿದ ಮೇಲೆ, ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೋದರು. ತಂಡದ ನಾಯಕ ಅವರು. ಇಂದೋರ್, ಅಹಮದಾಬಾದ್ ಎರಡೂ ಟೆಸ್ಟ್ ಬಿಟ್ಟರು. ಮಾರ್ಚಿನಲ್ಲಿ ಅಮ್ಮ ತೀರಿಕೊಂಡರು. ಆಮೇಲಿನ ಏಕದಿನ ಸರಣಿಗೂ ಬರಲಿಲ್ಲ. ಅಮ್ಮನ ಕೊನೆಯ ದಿನಗಳಲ್ಲಿ ಜೊತೆಗಿದ್ದರು, ಅಷ್ಟೇ. ಅದರಲ್ಲಿ ಗೆದ್ದು ತೋರಿಸುವಂಥದ್ದು ಏನೂ ಇಲ್ಲ.

ಹಾಗಾಗಿ ನಿಮ್ಮ ಹುಡುಗನನ್ನು ಮನೆಯಲ್ಲೇ ಇರಲು ಬಿಡಿ. ಅಪ್ಪನ ಕ್ರಿಯೆಗೆ ಹದಿಮೂರು ದಿನ ಇದೆ. ಅವನು ಬಿಟ್ಟು ಬಂದದ್ದು ಐಪಿಎಲ್ ತಂಡದವರು ಹೊಸ ಹುಡುಗರನ್ನು ಹುಡುಕುವ ಟೂರ್ನಿ. ಅವನು ಕಳೆದುಕೊಳ್ಳುತ್ತಿರುವುದು ಸಣ್ಣದಲ್ಲ, ಅವನಿಗೂ ಅದು ಗೊತ್ತು. ಮಾತಾಡಿಸಲು ಬಂದ ನೆಂಟರೊಬ್ಬರು, ‘ಕುಂಬ್ಳೆ ದವಡೆ ಮುರಿದರೂ ಆಡಲಿಲ್ವಾ?’ ಅಂತ ಕೇಳಬಹುದು. ನಮ್ಮ ಕಡೆಯ ಕುಂಬಳೆ ಊರಿನ ಹೆಸರು ಹೊತ್ತವರು ಅನಿಲ್ ಕುಂಬ್ಳೆ. 2002ರಲ್ಲಿ ಆಂಟಿಗಾದಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಹಾಕಿದರು, ಲಾರಾ ವಿಕೆಟ್ ತೆಗೆದರು. ನಮ್ಮೂರಿನಲ್ಲಿ ಆ ಮಾತಿಗೆ ತುಂಬಾ ತೂಕ ಇದೆ. ಹುಡುಗ ಏನು ಹೇಳುತ್ತಾನೆ? ಪ್ರಾಯಶಃ ಏನೂ ಹೇಳುವುದಿಲ್ಲ. ಒಳಗೆ ಹೋಗಿ ಅವರಿಗೆ ಕುಡಿಯಲು ನೀರು ತರುತ್ತಾನೆ.

ಕ್ರಿಯೆಯ ಭಾಗವನ್ನು ‘ವಿಧಿಗಳು ನಡೆದವು’ ಅಂತ ಎರಡೇ ಪದದಲ್ಲಿ ದಾಟಿದ್ದೀರಿ. ಅಲ್ಲಿ ನಿಲ್ಲಿ. ಎಳ್ಳುನೀರು ಬಿಡುವಾಗ ನೀರು ಹೆಬ್ಬೆರಳು, ತೋರುಬೆರಳಿನ ನಡುವಿನಿಂದ ಇಳಿಯಬೇಕು, ಅಲ್ವಾ? ಚೆಂಡಿನ ಹೊಲಿಗೆಯ ಮೇಲೆ ಇಡುವುದೂ ಅದೇ ತೋರುಬೆರಳು. ಆ ಬೆರಳು ಗಟ್ಟಿಯಾಗಿರುತ್ತದೆ. ಉಂಗುರ ಬೆರಳಿಗೆ ದರ್ಭೆಯ ಪವಿತ್ರ. ಆ ಕೈಯನ್ನು ಅವನು ನೋಡಲಿ. ಅವನ ಮನಸ್ಸಿನಲ್ಲಿ ಏನಾಯಿತು ಅಂತ ನೀವು ವಿವರಿಸಬೇಡಿ.

ಇನ್ನು ಎರಡು ತಪ್ಪು. ನಿಮ್ಮ ಕಥೆಯಲ್ಲಿ ತಂಡದವರೆಲ್ಲ ಕನ್ನಡ ಮಾತಾಡುತ್ತಾರೆ. ಕಾಸರಗೋಡಿನ ಹುಡುಗ ಜಿಲ್ಲೆಯಿಂದ ಆಡುತ್ತಾ ಮೇಲೆ ಬಂದರೆ ಸೇರುವುದು ಕೇರಳ ತಂಡವನ್ನು. ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ಇದೇ ಟೂರ್ನಿಯಲ್ಲಿ ಮುಂಬೈ ವಿರುದ್ಧ 54 ಎಸೆತಕ್ಕೆ ಔಟಾಗದೆ 137 ಹೊಡೆದದ್ದು ಕೇರಳದ ಪರವಾಗಿ. ಹಾಗಾದರೆ ಸಾವಿನ ಸುದ್ದಿಯನ್ನು ಅವನು ಕೋಚ್‌ಗೆ ಮಲಯಾಳದಲ್ಲಿ ಹೇಳಬೇಕು. ಅಪ್ಪನ ಜೊತೆ ಒಂದು ದಿನವೂ ಆಡದ ಭಾಷೆಯಲ್ಲಿ. ಇಷ್ಟು ದೊಡ್ಡದು ನಿಮ್ಮ ಕೈಯಲ್ಲೇ ಇದೆ, ಬಿಟ್ಟುಬಿಟ್ಟಿದ್ದೀರಿ. ಅಮ್ಮ ‘ಮಗನೇ, ಕರ್ತವ್ಯವೇ ದೇವರು’ ಅನ್ನುವುದೂ ಸರಿಯಿಲ್ಲ. ಅವರು ‘ಊಟ ಆತೋ?’ ಅಂತ ಕೇಳುತ್ತಾರೆ. ದಿನಕ್ಕೆ ಹತ್ತು ಸಲ ಕೇಳುತ್ತಾರೆ.

ಎರಡನೆಯದು ಅಂಗಳ. ಡಿಸೆಂಬರಿನಲ್ಲಿ ಅವನು ಖಾಲಿ ಅಂಗಳದಲ್ಲಿ ನಿಂತು ಅಪ್ಪನಿಗೆ ಬೌಲ್ ಮಾಡಿದ್ದನ್ನು ನೆನೆಯುತ್ತಾನೆ. ಡಿಸೆಂಬರಿನಲ್ಲಿ ತೋಟದ ಮನೆಯ ಅಂಗಳ ಎಲ್ಲಿ ಖಾಲಿ ಇರುತ್ತದೆ? ಹಣ್ಣಡಿಕೆ ಹರವಿರುತ್ತಾರೆ. ಒಣಗಲು 40 ದಿನದ ಬಿಸಿಲು ಬೇಕು. ಅಪ್ಪ ಹೋದರು ಅಂತ ಅಡಿಕೆ ಕಾಯುವುದಿಲ್ಲ. ಯಾರಾದರೂ ಮಗುಚಲೇಬೇಕು. ಒಂದು ಸಂಜೆ ಮೋಡ ಕಟ್ಟಲಿ. ಮಳೆ ಬರುವ ಮೊದಲು ಅಡಿಕೆ ರಾಶಿ ಮಾಡಲು ಎಲ್ಲರೂ ಓಡುತ್ತಾರೆ. ಬೋಳು ತಲೆ, ಬರಿಗಾಲಿನಲ್ಲಿ ಅವನೂ ಓಡಲಿ. ಆ ಟೂರ್ನಿಯ ದಿನಗಳಲ್ಲಿ ಅವನು ಓಡುವುದು ಅದೊಂದೇ ಸಲ ಆಗಲಿ.

ಹ್ಯಾಟ್ರಿಕ್ ಕೈಬಿಡಲು ನಿಮಗೆ ಕಷ್ಟ ಆಗುತ್ತದೆ, ಗೊತ್ತು. ಅದನ್ನು ತುಂಬಾ ಪ್ರೀತಿಯಿಂದ ಬರೆದಿದ್ದೀರಿ. ಬೇರೆ ಕಡೆ ಎತ್ತಿಡಿ. ಹೊಸ ಕರಡು ಎಂಟು ಪುಟ ಇದ್ದರೆ ಸಾಕು. ಅಂಗಿಯ ಸಾಲಿನಿಂದ ಶುರು ಮಾಡಿ. ಬರೆದಾದ ಮೇಲೆ ನನಗೇ ಕಳಿಸಿ, ಕಾಯುತ್ತೇನೆ.

ನಿಮ್ಮ,
ಸಂಪಾದಕ